ಹೊಳೆವ್ವನ ಕಲೆ

"ಮಾಲಾ, ಆ ಚಿತ್ರ ಕೆಳಗ ಇಡು. ಟ್ರ್ಯಾಕ್ಟರ್‌ದಾಗ ಜಾಗಾ ಇಲ್ಲ," ಎಂದ ಅಪ್ಪ ಗಿರಮಲ್ಲಪ್ಪ. ಬೆಳಗಿನಿಂದ ಅವನಿಗೆ ಇದು ಐದನೇ ಟ್ರಿಪ್. ಮಾತಾಡುವುದಕ್ಕೂ ಸಾಕಾಗಿಹೋಗಿತ್ತು.

ಮಾಲಾ ಇಡಲಿಲ್ಲ. ಡ್ಯಾಮಿನ ಹಿನ್ನೀರು ಹೊಲಕ್ಕೆ ಬಂದಾಗಿತ್ತು. ಊರಿಗೆ ಊರೇ ಬೀಳಗಿ ಹತ್ತಿರದ ಹೊಸ ಪ್ಲಾಟುಗಳಿಗೆ ಹೊರಟಿತ್ತು. ಇಲ್ಲಿ ಬಿಟ್ಟದ್ದೆಲ್ಲ ನೀರುಪಾಲು. ಇಷ್ಟು ಚಂದದ ಚಿತ್ರ ಬಿಟ್ಟು ಹೋಗುವುದೆಂದರೆ ಅವಳಿಗೆ ಸಂಕಟ.

ಚಿತ್ರದಲ್ಲಿದ್ದವಳು ಅಜ್ಜಿ ಅನಸವ್ವನ ಅಕ್ಕ ಹೊಳೆವ್ವ ಎಂದು ಮನೆಯವರ ಮಾತು. ಅವಳು ತೀರಿಕೊಂಡ ಮೇಲೆ ಅವಳದೇ ಟ್ರಂಕಿನಲ್ಲಿ ಇದು ಸಿಕ್ಕಿತ್ತಂತೆ. ಬರೆದವರು ಯಾರೋ, ಯಾರಿಗೂ ಗೊತ್ತಿಲ್ಲ.

"ಆಯೀ, ನೀನರ ಅಪ್ಪಗ ಹೇಳ," ಎಂದಳು ಅಜ್ಜಿಗೆ.

ಅಜ್ಜಿ ಕಟ್ಟೆಗೆ ಬೆನ್ನು ಆನಿಸಿ ಕೂತಿದ್ದಳು. "ಒಗದು ಬಾ ಅದನ್ನ. ಸಣ್ಣಾಕಿದ್ದಾಗ ಕುದಿಯೋ ಬೆಲ್ಲ ಸಿಡದು ನಮ್ಮಕ್ಕನ ಬಲಗಲ್ಲ ಸುಟ್ಟಿತ್ತು. ಇದರಾಗ ನೋಡು, ಎಡಗಲ್ಲಕ್ಕ ಸುಟ್ಟ ಕಲಿ ಐತಿ. ಬರದಾವಗ ಕಣ್ಣ ಇರಲಿಲ್ಲೇನು? ಇಕಿ ನಮ್ಮಕ್ಕ ಅಲ್ಲ."

ಅಜ್ಜಿಯೇ ಹೀಗೆಂದ ಮೇಲೆ ಇನ್ನೇನು? ಮಾಲಾಳ ಕೈಯೂ ಸೋತಿತ್ತು.

ಅಷ್ಟರಲ್ಲಿ ಅಪ್ಪ, ಪಕ್ಕದ ಮನೆಯ ಸಾಬಣ್ಣ ಇಬ್ಬರೂ ಕನ್ನಡಿ ಇದ್ದ ಕಪಾಟನ್ನು ಹೊರಗೆ ತಂದರು. ದಣಿವಾಗಿ ಅಂಗಳದಲ್ಲೇ ಇಳಿಸಿದರು. ಕನ್ನಡಿಯೊಳಗೆ ಮಾಲಾ ಕಂಡಳು, ಅವಳ ಕೈಯಲ್ಲಿದ್ದ ಚಿತ್ರವೂ ಕಂಡಿತು.

"ಆಯೀ, ಇಲ್ಲಿ ನೋಡ. ಕನ್ನಡ್ಯಾಗ ಕಲಿ ಬಲಗಲ್ಲಕ್ಕ ಬಂತು."

ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು ಬಂದಳು. ಬಹಳ ಹೊತ್ತು ನೋಡಿದಳು. "ಖರೆ. ಇಕಿ ನಮ್ಮಕ್ಕ," ಎಂದಳು.

"ಹಂಗಾರ ಕನ್ನಡಿ ನೋಡಿ ಬರದಾರ," ಎಂದ ಅಪ್ಪ.

"ಎದುರಿಗೆ ಕುಂತು ಬರದಾವರಿಗೆ ಕನ್ನಡಿ ಯಾಕ ಬೇಕಪ್ಪಾ?" ಎನ್ನುತ್ತಿದ್ದ ಮಾಲಾಗೆ ಒಮ್ಮೆಲೇ ಹೊಳೆಯಿತು. "ಆಯೀ, ತನ್ನ ಚಿತ್ರ ತಾನ ಬರಕೊಂಡಾಳ."

ಅಜ್ಜಿ ಮಾಲಾಳ ಕೈಯಿಂದ ಚಿತ್ರ ತೆಗೆದುಕೊಂಡಳು.

"ದಿನಾ ಮಧ್ಯಾಹ್ನ ಕನ್ನಡಿ ತಗೊಂಡು ಒಳಗ ಹೋಗಿ ಕದಾ ಹಾಕೋತಿದ್ದಳು. ಸಿಂಗಾರ ಮಾಡ್ಕೋತಾಳ ಅಂತ ನಾನ ಅವ್ವಗ ಚಾಡಿ ಹೇಳಿದೆ. ಸುಟ್ಟ ಮಾರಿಗೆ ಎಷ್ಟ ಕನ್ನಡಿ ಬೇಕು ಅಂತ ಅವ್ವ ಬೈದಳು. ನಾ ನಕ್ಕೆ."

ಅಪ್ಪ ಟ್ರ್ಯಾಲಿ ಹತ್ತಿ ಒಂದು ಚೀಲ ಸರಿಸಿದ. "ಕೊಡ ಇಲ್ಲಿ, ಇಡತೇನಿ."

"ಬ್ಯಾಡ," ಎಂದಳು ಅಜ್ಜಿ. "ನನ್ನ ತೊಡಿ ಮ್ಯಾಲ ಇರಲಿ."

ಟ್ರ್ಯಾಕ್ಟರ್ ಹೊರಟಿತು. ಚಿತ್ರದ ಕೆಳಗೆ ಹೊಳೆವ್ವನ ಹೆಸರು ಬರೆಯೋಣ ಎನ್ನಬೇಕೆಂದಿದ್ದಳು ಮಾಲಾ. ಆದರೆ ಅಜ್ಜಿಯ ಬೆರಳು ಆ ಕಲೆಯನ್ನು ಸವರುತ್ತಲೇ ಇತ್ತು. ಗೆಳತಿಯ ಜೊತೆ ಜಗಳವಾದರೆ ಮಾಲಾ ಮರುದಿನ ಸಾಲೆಯಲ್ಲಿ ಸಾರಿ ಕೇಳುತ್ತಾಳೆ. ಅಜ್ಜಿ ಯಾರ ಹತ್ತಿರ ಕೇಳಬೇಕು?

ಮಾಲಾ ಅಜ್ಜಿಯ ಭುಜಕ್ಕೆ ಒರಗಿ ಕೂತಳು.