ಹೊಗೆ ಕೊಳವೆಯೊಳಗಿನ ಕೆಮ್ಮಣ್ಣು

೧೯೫೧ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕುರುಗೋಡಿನ ಹತ್ತಿ ವ್ಯಾಪಾರಿ ಸುಂಕಪ್ಪ ಸಿರುಗುಪ್ಪ ಠಾಣೆಗೆ ಬಂದು ದೂರು ಕೊಟ್ಟ. ಸಿರುಗುಪ್ಪದಿಂದ ಬಳ್ಳಾರಿಗೆ ಬಾಡಿಗೆ ಓಡುವ ತನ್ನ ಹಳೆಯ ಕಾರನ್ನು ಡ್ರೈವರ್ ಜಡೆಪ್ಪ ಬೇಕೆಂದೇ ಕೆಡಿಸಿದ್ದಾನೆ, ಪೈಪೋಟಿಯ ಬಸ್ಸಿನವರು ದುಡ್ಡು ಕೊಟ್ಟು ಅವನನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ ಎಂಬುದು ದೂರು. ಸಬ್ ಇನ್ಸ್‌ಪೆಕ್ಟರ್ ತಿಪ್ಪೇರುದ್ರಪ್ಪ ಎಫ್‌ಐಆರ್ ದಾಖಲಿಸಿ ಜಡೆಪ್ಪನನ್ನು ಕರೆಸಿದರು.

“ಏನು ಮಾಡಿದಿಲೇ ಗಾಡಿಗೆ?”

“ಏನೂ ಇಲ್ರಿ. ಚಾಲೂ ಆಗ್ತೈತಿ, ಓಡಂಗಿಲ್ಲ. ಮೊನ್ನಿ ದೇಶನೂರು ದಾರ್ಯಾಗ ಮದುವಿ ಬಂಡಿಯವರು ನನ್ನ ಹಿಂದ ಹಾಕಿ ನಕ್ಕೊಂತ ಹೋದ್ರು.”

“ಬಸ್ಸಿನವರು ಏನು ಕೊಟ್ಟರು?”

“ಕೊಟ್ಟಿದ್ರ ಕಾಲಾಗ ಚಪ್ಪಲಿ ಇರ್ತಿದ್ವು, ನೋಡ್ರಿ.”

ಅವನ ಬರಿಗಾಲು ನೋಡಿ ಕಾನ್‌ಸ್ಟೇಬಲ್ ಗಾದೆಪ್ಪ ನಗು ನುಂಗಿಕೊಂಡ. ಆದರೂ ಜಡೆಪ್ಪನನ್ನು ಲಾಕಪ್ಪಿಗೆ ಹಾಕಲೇಬೇಕಾಯಿತು.

ಮಧ್ಯಾಹ್ನ ಸಿರುಗುಪ್ಪದಲ್ಲೇ ಇದ್ದ ಸುಂಕಪ್ಪನ ಹತ್ತಿ ಗೋದಾಮಿನ ಅಂಗಳದಲ್ಲಿ ಪಂಚರ ಎದುರು ಕಾರಿನ ಪರೀಕ್ಷೆ ನಡೆಯಿತು. ಯುದ್ಧದ ವರ್ಷಗಳಲ್ಲಿ ತಿಪ್ಪೇರುದ್ರಪ್ಪ ಸೈನ್ಯದ ಲಾರಿಗಳನ್ನು ರಿಪೇರಿ ಮಾಡಿದವರು. ಪೆಟ್ರೋಲನ್ನು ಗಾಜಿನ ಲೋಟಕ್ಕೆ ಹಿಡಿದು ನೋಡಿದರು, ನೀರು ಬೆರೆತಿರಲಿಲ್ಲ. ಪ್ಲಗ್ಗುಗಳಲ್ಲಿ ನೀಲಿ ಕಿಡಿ ಸರಿಯಾಗಿ ಹಾರುತ್ತಿತ್ತು. ಕಾರ್ಬುರೇಟರ್ ಬಿಚ್ಚಿ ಊದಿದರು, ಅದೂ ಸ್ವಚ್ಛ. ಎಂಜಿನ್ ನಿಂತಲ್ಲಿ ಮೆಲ್ಲಗೆ ಚೆನ್ನಾಗಿಯೇ ನಡೆಯುತ್ತಿತ್ತು. ಆಕ್ಸಿಲರೇಟರ್ ತುಳಿದರೆ ಮಾತ್ರ ಗಂಟಲು ಹಿಡಿದಂತೆ ಕುಗ್ಗುತ್ತಿತ್ತು.

“ಗಾದೆಪ್ಪ, ಹಿಂದಿನ ಹೊಗೆ ಕೊಳವೆಗೆ ಕೈ ಒಡ್ಡು.”

“ಉಸಿರ ಇಲ್ರಿ ಸಾಹೇಬ್ರ. ಸಣ್ಣಂಗ ಬರ್ತೈತಿ, ಮುದುಕರ ಉಸಿರಿನಂಗ.”

ಎಂಜಿನ್ನಿನ ಬುಡದಲ್ಲಿ ಕೊಳವೆಯನ್ನು ಕಳಚಿ ಮತ್ತೆ ತುಳಿದರು. ಕಾರು ಅಬ್ಬರಿಸಿತು. ಗೋದಾಮಿನ ತಗಡು ನಡುಗಿತು, ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಪಂಚರು ಗೋಡೆಗೆ ಸರಿದು ನಿಂತರು. ಇಷ್ಟು ದಿನ ಅದರೊಳಗೆ ಇಷ್ಟು ಬಲ ಅಡಗಿ ಕೂತಿತ್ತೆ ಎಂದು ಕಾರಿನತ್ತ ಕತ್ತು ಚಾಚಿದರು.

ಕೊಳವೆಯೊಳಗೆ ಉದ್ದನೆಯ ಕೋಲು ತೂರಿಸಿ ತಳ್ಳಿದಾಗ ಮಣ್ಣಿನದೊಂದು ಬಿಲ್ಲೆ ಹೊರಬಿತ್ತು. ಎಂಜಿನ್ನಿನ ಬಿಸಿಗೆ ಸುಟ್ಟು ಇಟ್ಟಿಗೆಯಂತಾಗಿತ್ತು. ನಡುವೆ ದುಂಡನೆಯ ತೂತು. ಹೊರಮೈಗೆ ನುಣ್ಣಗೆ ಕೆಮ್ಮಣ್ಣು ಸಾರಿಸಿತ್ತು.

ಗಾದೆಪ್ಪ ಅದನ್ನು ಅಂಗೈಯಲ್ಲಿಟ್ಟು ನೋಡಿದ. “ಇದು ಒಲಿ ಹಾಕೋರ ಕೈ, ಸಾಹೇಬ್ರ. ನಮ್ಮವ್ವನೂ ಹಿಂಗ. ಕೆಮ್ಮಣ್ಣು ಸಾರಿಸದ ಒಲಿ ಹೆಣದ ಮನಿಗೆ ಅಂತ ಹೊರಗ ಕೊಡಂಗಿಲ್ಲ.”

ಯಾರ ಕಣ್ಣಿಗೂ ಬೀಳದ ಕತ್ತಲಲ್ಲೂ ಆ ಕೈ ತನ್ನ ರೂಢಿ ಬಿಟ್ಟಿರಲಿಲ್ಲ.

ಊರಲ್ಲಿ ಒಲೆ ಮಾಡಿ ಮಾರುವವಳು ಉಚ್ಚೆಂಗೆಮ್ಮ ಒಬ್ಬಳೇ. ಜಡೆಪ್ಪನ ಅಕ್ಕ. ಅದೇ ಕಾರಿನ ಹಿಂದಿನ ಡ್ರೈವರ್ ಮಾರೆಣ್ಣನ ಹೆಂಡತಿ. ಹಿಂದಿನ ವರ್ಷ ಮೋಕದ ಇಳಿಜಾರಿನಲ್ಲಿ ಕಾರು ಹಳ್ಳಕ್ಕೆ ಉರುಳಿ ಮಾರೆಣ್ಣ ಸತ್ತಿದ್ದ. ಚಾಲಕನ ಅಜಾಗ್ರತೆ ಎಂದು ಕಡತ ಮುಚ್ಚಿತ್ತು.

ಪೊಲೀಸರು ಹೋದಾಗ ಅವಳ ಮನೆಯಂಗಳದ ಬಿಸಿಲಲ್ಲಿ ಒಲೆಗಳು ಒಣಗುತ್ತಿದ್ದವು. ಬಿಲ್ಲೆಯನ್ನು ಕಂಡ ಕೂಡಲೇ ಅವಳು ಕೈ ತೊಳೆದುಕೊಂಡಳು.

“ನಂದ ಅದು. ತಮ್ಮನ್ನ ಬಿಡ್ರಿ.”

“ಯಾಕಮ್ಮ?” ಎಂದರು ತಿಪ್ಪೇರುದ್ರಪ್ಪ.

“ಆ ಗಾಡಿಗೆ ಬ್ರೇಕ್ ಇಲ್ರಿ. ರಿಪೇರಿ ಮಾಡಸ್ರಿ ಅಂತ ನಮ್ಮ ಮನಿಯವರೂ ಕೇಳಿದ್ರು, ನಾನೂ ಕಾಲು ಹಿಡಿದು ಕೇಳೀನಿ. ಸುಂಕಪ್ಪಣ್ಣ ಮುಂದಿನ ಸುಗ್ಗಿಗೆ ನೋಡೂಣು ಅಂದ. ತಮ್ಮಗ ಕೆಲಸ ಬಿಡು ಅಂದ್ರ, ಬಿಟ್ಟು ಏನು ತಿನ್ನೂಣು ಅಂದ. ಕಾರು ರಾತ್ರಿ ನಮ್ಮ ಮನಿ ಮುಂದ ನಿಲ್ತಿತ್ತು.”

“ಕೊಳವೆ ಮುಚ್ಚಬೇಕು ಅಂತ ಹೇಗೆ ಗೊತ್ತಾಯಿತು?”

“ಹೊಗಿಗೆ ದಾರಿ ಇಲ್ಲಂದ್ರ ಬೆಂಕಿ ಏಳಂಗಿಲ್ಲ.”

“ಮತ್ತೆ ಈ ತೂತು?”

“ಪೂರ್ತಿ ಮುಚ್ಚಿದ್ರ ಗಾಡಿ ನಿಲ್ತೈತಿ, ಅವನ ಕೆಲಸ ಹೋಗ್ತೈತಿ. ಮೂರು ಸಲ ಮಾಡಿ ಮುರದೆ. ಜೋರ ಓಡಬಾರದು, ನಿಲ್ಲಲೂ ಬಾರದು. ಕಡೀಗೆ ಇಷ್ಟು ತೂತು ಸರಿ ಹೊಂದಿತು.”

ತಿಪ್ಪೇರುದ್ರಪ್ಪ ತೂತಿನೊಳಗೆ ಕಿರುಬೆರಳು ಇಟ್ಟರು. ಟೋಪಿ ತೆಗೆದು ಕೈಯಲ್ಲಿ ಹಿಡಿದರು.

ಗೋದಾಮಿಗೆ ಮರಳಿ ಬ್ರೇಕ್ ತುಳಿದಾಗ ಪೆಡಲು ತಡೆಯಿಲ್ಲದೆ ನೆಲ ಮುಟ್ಟಿತು. ಪಂಚನಾಮೆಯಲ್ಲಿ ಅದೂ ಸೇರಿತು. ಮಾರೆಣ್ಣನ ಕಡತ ಮತ್ತೆ ತೆರೆಯಿತು. ಸಂಜೆ ಜಡೆಪ್ಪ ಹೊರಬಂದ. ಉಚ್ಚೆಂಗೆಮ್ಮ ಮತ್ತು ಸುಂಕಪ್ಪ, ಇಬ್ಬರೂ ಬೇರೆ ಬೇರೆ ಮೊಕದ್ದಮೆಗಳಲ್ಲಿ ದಸ್ತಗಿರಿಯಾದರು.

“ನೀ ಯಾಕ ಹೇಳಲಿಲ್ಲ ಅಕ್ಕ?” ಎಂದ ಜಡೆಪ್ಪ.

“ಹೇಳಿದ್ರ ತೆಗೀತಿದ್ದಿ, ಹುಚ್ಚಪ್ಪ.”

ಮರುದಿನ ಗಾದೆಪ್ಪ ಅವಳನ್ನು ಬಸ್ಸಿನಲ್ಲಿ ಬಳ್ಳಾರಿಯ ಕೋರ್ಟಿಗೆ ಕರೆದೊಯ್ದ. ಮೋಕದ ಇಳಿಜಾರು ಬಂದಾಗ ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಗಳಿಂದ ಹಿಡಿದು ಕಣ್ಣು ಮುಚ್ಚಿದಳು. ಚಾಲಕ ಬ್ರೇಕ್ ಒತ್ತಿದ. ಬಸ್ಸು ಕಿರುಗುಟ್ಟಿ, ನಿಧಾನವಾಗಿ, ಹಳ್ಳ ದಾಟಿತು.

“ಇದರದು ಹಿಡಿತೈತಿ,” ಎಂದು ಅವಳು ಕೈ ಸಡಿಲಿಸಿದಳು.