ಸುತ್ತಿಗೆ ಕೇಳಲು ಬಂದವನು

ಕೈಯಲ್ಲಿ ಸುತ್ತಿಗೆ ಹಿಡಿದೇ ಫೀನಾ ಮಹಡಿ ಮೆಟ್ಟಿಲು ಹತ್ತಿದಳು.

ಸಿಟ್ಟು ನೆತ್ತಿಗೇರಿತ್ತು. ಬೆಳಗಿನಿಂದ ಮೂರನೇ ಸಲ, ಕೆಳಗಿನ ಅಂಗಡಿಯ ಹಲಗೆಯ ಮೇಲಿದ್ದ ಬೂಟಿನ ಮರದ ಅಚ್ಚುಗಳು ದಡದಡನೆ ಉರುಳಿ ಬಿದ್ದಿದ್ದವು. ಒಂದಂತೂ ಅಪ್ಪನ ಕಾಲ ಮೇಲೇ ಬಿದ್ದಿತ್ತು. ನಮ್ಮ ಮಾರಿಕಿನಾದಲ್ಲಿ ಮನೆಗೊಂದು ಬೂಟಿನಂಗಡಿ, ಸದ್ದಿಗೆ ಹೆದರುವವರು ಇಲ್ಲಿ ಯಾರೂ ಇಲ್ಲ. ಆದರೆ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದ ಆ ನಾಲ್ಕು ಹುಡುಗರು ಮಾಡುತ್ತಿದ್ದುದು ಸದ್ದಲ್ಲ, ದಾಂಧಲೆ.

ಬಾಗಿಲು ತಳ್ಳಿದಳು. ಡ್ರಮ್ಮು ನಿಂತಿತು. ಗಿಟಾರೂ ನಿಂತಿತು.

"ಇಲ್ಲಿ ಯಜಮಾನ ಯಾರು?"

ಮೂವರೂ ನಾಲ್ಕನೆಯವನ ಕಡೆ ಕೈ ತೋರಿಸಿದರು. ಗಿಟಾರನ್ನು ಎದೆಗವಚಿಕೊಂಡು ನಿಂತಿದ್ದ ಸಣಕಲು ಹುಡುಗ, ಕಾಲಲ್ಲಿ ಒದ್ದೆ ಹವಾಯಿ ಚಪ್ಪಲಿ. ಅವನು ಅವಳ ಮುಖ ನೋಡಲಿಲ್ಲ, ಸುತ್ತಿಗೆ ನೋಡಿದ.

"ಅದು... ನೀನಾ?"

"ಏನು ನಾನಾ?"

"ಕೆಳಗೆ ಟಕ್ ಟಕ್ ಅಂತ ಮೊಳೆ ಹೊಡೆಯೋದು. ನಮ್ ಕಿಕೋಯ್ ನಿನ್ ತಾಳ ಕೇಳ್ಕೊಂಡೇ ಡ್ರಮ್ ಬಾರಿಸ್ತಾನೆ. ನೀನು ತಿಂಡಿಗೆ ಎದ್ರೆ ನಾವೆಲ್ಲ ದಾರಿ ತಪ್ಪಿಬಿಡ್ತೀವಿ."

ಬೈಯಲು ಬಂದವಳಿಗೆ ಬೈಗುಳವೇ ಮರೆತುಹೋಯಿತು. ಹನ್ನೆರಡನೇ ವಯಸ್ಸಿನಿಂದ ಅವಳು ಬೂಟಿನ ಅಟ್ಟೆಗೆ ಮೊಳೆ ಹೊಡೆಯುತ್ತಿದ್ದಳು. ಅದನ್ನು ಯಾರಾದರೂ ಕೇಳಿಸಿಕೊಳ್ಳುತ್ತಾರೆ ಎಂದು ಗೊತ್ತಾದದ್ದು ಅವತ್ತೇ.

"ನನ್ ಹೆಸರು ರೆನಾತೋ. ನಾತೋ ಅಂತಾರೆ."

"ಇನ್ನೊಂದ್ ಸಲ ಅಚ್ಚು ಬಿದ್ರೆ, ಹೆಸರು ಹೇಳೋಕೆ ಹಲ್ಲಿರಲ್ಲ."

ಹಾಗೆಂದು ಇಳಿದು ಬಂದಳು. ಮೆಟ್ಟಿಲ ತಿರುವಿನಲ್ಲಿ ಯಾರೂ ಇಲ್ಲದ್ದು ನೋಡಿ ನಕ್ಕಳು.

ತಂಡದ ಹೆಸರು 'ಬಾಸಾಂಗ್ ಚಿನೇಲಾಸ್', ಅಂದರೆ ಒದ್ದೆ ಚಪ್ಪಲಿ. ನದಿ ಉಕ್ಕಿ ಬಂದಾಗಲೆಲ್ಲ ಅವರ ಕಾಲಲ್ಲಿ ಇದ್ದದ್ದೇ ಅದು. ಮೊದಲ ಎರಡು ವರ್ಷ ಅವರಿಗೆ ಸಿಕ್ಕ ವೇದಿಕೆಗಳೆಂದರೆ ಊರಹಬ್ಬದ ಚೌಕ, ಅದೂ ಸುಂದರಿಯರ ಸ್ಪರ್ಧೆಯಲ್ಲಿ ಹುಡುಗಿಯರು ಬಟ್ಟೆ ಬದಲಿಸುವಷ್ಟು ಹೊತ್ತು ಮಾತ್ರ. ಒಮ್ಮೆ ಜನ ಹಾಡಿನ ನಡುವೆಯೇ ಎದ್ದು ಊಟಕ್ಕೆ ಹೋದರು. ಫೀನಾ ಒಬ್ಬಳೇ ಕೂತು ಪೂರ್ತಿ ಕೇಳಿದಳು.

ಆಮೇಲೆ ಒಂದು ಮಧ್ಯಾಹ್ನ, ಕೋಣೆಯಲ್ಲೇ ಫೋನಿನಲ್ಲಿ ಹಿಡಿದ ಒಂದು ಹಾಡು ಊರ ಬಾಯಿಗೆ ಹತ್ತಿಕೊಂಡಿತು. ಅದರ ತಳದಲ್ಲಿ ಸಣ್ಣಗೆ ಟಕ್ ಟಕ್ ಎನ್ನುವ ಸದ್ದು ಇತ್ತು. ಜನ ತುಂಬಿಕೊಂಡು ಓಡುವ ಜೀಪ್ನಿಗಳಲ್ಲಿ ಅದೇ ಹಾಡು, ಶಾಲೆಯ ಮೈದಾನಗಳಲ್ಲಿ ಅದೇ ಹಾಡು. ಕಾಸು ಹಾಕಿ ಹಾಡಿದರೆ ಅಂಕ ಕೊಡುವ ವಿಡಿಯೋಕೆ ಪೆಟ್ಟಿಗೆಗೂ ಬಂತು. ಫೀನಾಳ ಅಪ್ಪ ಮಾಂಗ್ ಪಸ್ಕುವಾಲ್ ಅದನ್ನು ಹಾಡಿ ತೊಂಬತ್ತೆಂಟು ಅಂಕ ಗಿಟ್ಟಿಸಿದರು. ತಂಡದಲ್ಲಿ ಅದನ್ನು ಹಾಡಿದ ನಾತೋನಿಗೇ ಎಂಬತ್ತೊಂದು ಬಂದಿತ್ತು. ಆ ಮಾತನ್ನು ಅವರು ಇವತ್ತಿಗೂ ಬಿಟ್ಟಿಲ್ಲ.

ಹುಡುಗರು ದೊಡ್ಡ ಸ್ಟುಡಿಯೋ ಹುಡುಕಿಕೊಂಡು ನಗರದ ಆ ತುದಿಗೆ ಹೋದರು. ಹೋಗಿ ಮೂರು ವರ್ಷವಾಯಿತು.

ಪ್ರತಿ ಕ್ರಿಸ್‌ಮಸ್‌ಗೂ ನಾತೋ ಬರುತ್ತಿದ್ದ. ದ್ರಾಕ್ಷಿ ತರುತ್ತಿದ್ದ, ಊಟ ಮಾಡುತ್ತಿದ್ದ, "ಸುತ್ತಿಗೆ ಹೇಗಿದೆ?" ಎಂದು ಕೇಳುತ್ತಿದ್ದ.

'ನಾನು ಹೇಗಿದೀನಿ ಅಂತ ಒಂದು ಸಲ ಕೇಳಬಾರದಾ...' ಎಂದುಕೊಳ್ಳುತ್ತ ಅವಳು ತಟ್ಟೆ ತೊಳೆಯುತ್ತಿದ್ದಳು.

ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಬೀದಿಯಲ್ಲಿ ಜೀಪ್ನಿಯೊಂದು ಬಂದು ನಿಂತಿತು. ಮೊದಲು ಇಳಿದದ್ದು ನಾತೋನ ಅಮ್ಮ, ಹಬ್ಬಕ್ಕೆಂದು ಎತ್ತಿಟ್ಟ ಕುಪ್ಪಸದಲ್ಲಿ. ಆಮೇಲೆ ಶುಭಕಾರ್ಯಕ್ಕೆ ತೊಡುವ, ಇಸ್ತ್ರಿ ಮಾಡಿದ ಬಾರೋಂಗ್ ಅಂಗಿಯಲ್ಲಿ ನಾತೋ. ಆಮೇಲೆ ತಲೆ ಬಾಚಿಕೊಂಡ ಮೂವರು. ಅವರ ಹೆಗಲ ಮೇಲೆ ಬಿದಿರಿಗೆ ಸಿಕ್ಕಿಸಿದ, ಕೆಂಪಗೆ ಸುಟ್ಟ ಇಡೀ ಹಂದಿ.

ಎದುರಂಗಡಿಯ ಆಲಿಂಗ್ ಸೆಪಾ ಕೈಯಲ್ಲಿದ್ದ ಉಪ್ಪಿನ ಪೊಟ್ಟಣ ಬಿಟ್ಟು ಓಡಿ ಬಂದಳು.

"ಪಸ್ಕುವಾಲ್, ಏಳು, ಶರ್ಟ್ ಹಾಕ್ಕೋ. ನಿನ್ ಮಗಳನ್ನ ಕೇಳೋಕೆ ಬಂದ್ರು."

ಹುಡುಗ ತಾಯಿಯನ್ನು ಕರೆದುಕೊಂಡು, ಬೇಯಿಸಿದ ಊಟ ಹೊತ್ತುಕೊಂಡು ಹುಡುಗಿಯ ಮನೆಗೆ ಬಂದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಯಾರೂ ಯಾರನ್ನೂ ಕೇಳಲಿಲ್ಲ. ಹತ್ತು ನಿಮಿಷದಲ್ಲಿ ಪಕ್ಕದ ಮನೆಯಿಂದ ಕುರ್ಚಿ ಬಂತು, ಅದರಾಚೆಯ ಮನೆಯಿಂದ ಅನ್ನ ಬಂತು.

ಅಡುಗೆಮನೆಯಲ್ಲಿ ಫೀನಾ ಎರಡು ಸಲ ಕುಪ್ಪಸ ಬದಲಿಸಿದಳು.

'ಕೊನೆಗೂ... ಕೊನೆಗೂ ಬಂದ...' ಅವಳ ಕಣ್ಣು ತಾನಾಗಿ ತುಂಬಿ ಬಂತು.

ನಾತೋ ಎದ್ದು ನಿಂತ. ಹಣೆಯ ಮೇಲೆ ಬೆವರು. "ಮಾಂಗ್ ಪಸ್ಕುವಾಲ್, ನಾವು ಬಂದಿದ್ದು ಯಾಕಂದ್ರೆ..."

"ಗೊತ್ತಪ್ಪ, ಗೊತ್ತು," ಎಂದರು ಅವರು, ಗುಂಡಿ ಮೇಲೆ ಕೆಳಗಾದ ಶರ್ಟಿನಲ್ಲಿ. "ನಂಗೆ ಒಪ್ಪಿಗೆ. ನನ್ ಮಗಳು ಇನ್ ನಿನ್ನವಳು."

ಬೀದಿಯೇ ಚಪ್ಪಾಳೆ ತಟ್ಟಿತು. ನಾತೋನ ಅಮ್ಮ ಕುಪ್ಪಸದ ತೋಳಿನಿಂದಲೇ ಕಣ್ಣೊರೆಸಿಕೊಂಡರು. "ನನ್ ಹತ್ರ ಒಂದ್ ಮಾತು ಹೇಳ್ಲಿಲ್ವಲ್ಲೋ..."

ನಾತೋ ಬಾಯಿ ತೆರೆದ. ಮಾತು ಬರಲಿಲ್ಲ. ಪಾಪ, ಅವನನ್ನು ಕಾಪಾಡುತ್ತೇನೆಂದು ಕಿಕೋಯ್ ಮುಂದೆ ಬಂದ.

"ಅಯ್ಯೋ, ಹಾಗಲ್ಲ. ನಾವು ಬಂದಿದ್ದು ಮಹಡಿ ಕೋಣೆ ಕೇಳೋಕೆ. ಹೊಸ ಹಾಡುಗಳಿಗೆ ಆ ಸುತ್ತಿಗೆ ಸದ್ದು ಬೇಕು. ಸ್ಟುಡಿಯೋದಲ್ಲಿ ಏನ್ ಮಾಡಿದ್ರೂ ಅದು ಬರ್ತಿಲ್ಲ."

ಚಪ್ಪಾಳೆ ನಿಂತಿತು. ಶರಬತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಫೀನಾ, ನಾತೋನನ್ನು ನೋಡಿದಳು. ಅವನು ಇಲ್ಲ ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ.

ಅವಳು ತಟ್ಟೆ ಇಟ್ಟಳು. ಒಳಗೆ ಹೋಗಿ ಬಂದು, ಹಂದಿಯ ಪಕ್ಕದಲ್ಲಿ ಸುತ್ತಿಗೆ ಇಟ್ಟಳು.

"ಸುತ್ತಿಗೆ ತಾನೇ ಬೇಕಾಗಿದ್ದು? ತಗೋ."

ಒಳಗೆ ಹೋಗಿ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಳು. ಧಡಾರನೆ ಮುಚ್ಚಿದ್ದರೆ ಆಲಿಂಗ್ ಸೆಪಾಗೆ ಇಷ್ಟು ಭಯವಾಗುತ್ತಿರಲಿಲ್ಲ.

ಕೋಣೆ ಸಿಕ್ಕಿತು. ಹಂದಿ ತಿಂದಾಗಿತ್ತಲ್ಲ, ಇಲ್ಲ ಅನ್ನಲು ಮಾಂಗ್ ಪಸ್ಕುವಾಲ್‌ಗೆ ಬಾಯಿರಲಿಲ್ಲ. ಮೇಲೆ ಕಿಕೋಯ್ ತಾನೇ ಆ ಸುತ್ತಿಗೆ ಹಿಡಿದು ಹಲಗೆಗೆ ಮೊಳೆ ಹೊಡೆದ. ಮೊಳೆ ಬಾಗಿತು, ಹೆಬ್ಬೆರಳು ಊದಿತು, ಹಾಡು ಮಾತ್ರ ಕೂಡಲಿಲ್ಲ. ಕೆಳಗೆ ಫೀನಾ ಅಂಟು ಹಚ್ಚುವ ಕೆಲಸ ಹಿಡಿದು ಕೂತಳು. ಅದಕ್ಕೆ ಸದ್ದಿಲ್ಲ.

ಸೋಮವಾರ ನಾತೋ ಅವಳ ಮುಂದೆ ನಿಂತು ಕೋಣೆ, ಸ್ಟುಡಿಯೋ, ಸದ್ದು ಎಂದು ಒಂದು ಗಂಟೆ ಕಾರಣ ಹೇಳಿದ. ಅವಳು ತಲೆಯೆತ್ತಲಿಲ್ಲ. ಹೊರಗೆ ಬಂದವನ ಕಿವಿ ಆಲಿಂಗ್ ಸೆಪಾಳ ಕೈಗೆ ಸಿಕ್ಕಿತು.

"ಅವಳೇನು ಕಾರಣ ಕೇಳಿದ್ಲೇನೋ? ಮುನಿಸ್ಕೊಂಡೋಳಿಗೆ ಯಾರಾದ್ರೂ ವರದಿ ಒಪ್ಪಿಸ್ತಾರಾ? ರಮಿಸ್ಬೇಕು ಕಣೋ. ಇಷ್ಟೆಲ್ಲ ಪ್ರೇಮದ ಹಾಡು ಯಾರ್ ಬರ್ಕೊಟ್ರು ನಿಂಗೆ?"

ಮಂಗಳವಾರ ಅವನು ಮೆತ್ತನೆಯ ಸೋಯಾ ಗಿಣ್ಣಿಗೆ ಸಿಹಿಪಾಕ ಸುರಿದ ಬಿಸಿ ತಾಹೋ ತಂದಿಟ್ಟ. ಫೀನಾ ಲೋಟ ಖಾಲಿ ಮಾಡಿ, ಬಾಯೊರೆಸಿಕೊಂಡು, ಮತ್ತೆ ಅಂಟಿನ ಡಬ್ಬಿ ಎಳೆದುಕೊಂಡಳು.

ಬುಧವಾರ ಅಂಗಡಿ ಗುಡಿಸಿದ. ಚರ್ಮದ ಸುರುಳಿ ಹೊತ್ತ. ಮರದ ಅಚ್ಚುಗಳನ್ನು ಒಪ್ಪವಾಗಿ ಜೋಡಿಸಿದ, ಎಡಗಾಲಿನದೆಲ್ಲ ಒಂದು ಕಡೆ, ಬಲಗಾಲಿನದೆಲ್ಲ ಇನ್ನೊಂದು ಕಡೆ. ಜೋಡಿ ಹುಡುಕಲು ಅಪ್ಪ ಮಗಳು ಅರ್ಧ ದಿನ ಒದ್ದಾಡಿದರು. ನಗು ತಡೆಯಲು ಫೀನಾ ತುಟಿ ಕಚ್ಚಿ ಹಿಡಿಯಬೇಕಾಯಿತು.

ಆದರೆ ಒಂದು ಯೋಚನೆ ಅವಳನ್ನು ಭಾನುವಾರದಿಂದಲೂ ಕೊರೆಯುತ್ತಿತ್ತು. ಗುರುವಾರ ಅವನು ಪೊರಕೆ ಹಿಡಿದು ಬಂದಾಗ ಅವಳೇ ಮಾತಾಡಿದಳು.

"ಒಂದು ಕೇಳ್ತೀನಿ. ಕೋಣೆ ಕೇಳೋಕೆ ಯಾರಾದ್ರೂ ಇಡೀ ಹಂದಿ ತರ್ತಾರಾ?"

ಪೊರಕೆ ನಿಂತಿತು.

"ಒಂದ್ ಡಬ್ಬಿ ಬಿಸ್ಕತ್ತು ಸಾಕು ಅಂತ ಅವರೆಲ್ಲ ಹೇಳಿದ್ರು."

"ಮತ್ತೆ?"

"ಹಂದಿ ನಾನ್ ತಂದಿದ್ದು. ಅಮ್ಮನ್ನ ಹೊರಡಿಸಿದ್ದೂ ನಾನೇ. ಕೋಣೆ ಕೇಳೋಕೆ ಅಂತ ಅಮ್ಮಂಗೆ ಹೇಳ್ದೆ, ಹುಡುಗರಿಗೂ ಹೇಳ್ದೆ, ನಂಗ್ ನಾನೇ ಹಾಗೇ ಹೇಳ್ಕೊಂಡೆ. ಇಲ್ಲಾಂದ್ರೆ ಕಾಲು ಬರ್ತಿರ್ಲಿಲ್ಲ. ನಿಮ್ಮಪ್ಪ ಒಪ್ಪಿಗೆ ಅಂದಾಗ ಖುಷಿಗೆ ನಾಲಿಗೆನೇ ಬಿದ್ದೋಯ್ತು ಫೀನಾ. ಅಷ್ಟರಲ್ಲಿ ಕಿಕೋಯ್ ಬಾಯಿ ಹಾಕ್ದ. ಆಮೇಲೆ ನಾನ್ ಏನ್ ಹೇಳಿದ್ರೂ, ಮರ್ಯಾದೆ ಉಳಿಸೋಕೆ ಹೇಳ್ತಿದಾನೆ ಅಂದ್ಕೊತೀಯ ಅನ್ನಿಸ್ತು..."

"ಸಾವಿರಾರು ಜನದ ಮುಂದೆ ಹಾಡ್ತೀಯ. ನನ್ನೊಬ್ಬಳ ಮುಂದೆ ಭಯಾನಾ?"

"ಅವರೆಲ್ಲ ಬೇಡ ಅಂದ್ರೆ ಇನ್ನೊಂದ್ ಹಾಡು ಬರೀತೀನಿ. ನೀನು ಬೇಡ ಅಂದ್ರೆ... ಕ್ರಿಸ್‌ಮಸ್‌ಗೆ ಈ ಬಾಗಿಲಿಗೆ ಬರೋ ಹಾಗೂ ಇರಲ್ಲ. ವರ್ಷಕ್ಕೊಂದ್ ಸಲ ನಿನ್ ನೋಡೋದಾದ್ರೂ ಉಳೀಲಿ ಅಂತ ಸುಮ್ನಿದ್ದೆ."

ಫೀನಾ ಅಂಟಿನ ಡಬ್ಬಿ ಬದಿಗಿಟ್ಟಳು. ಮೂರು ವರ್ಷ ಅವಳೂ ಅದೇ ಭಯದಲ್ಲಿ ತಟ್ಟೆ ತೊಳೆದಿದ್ದಳು.

"ಹಾಗಾದ್ರೆ ಕೇಳು," ಎಂದಳು.

"ಈಗ್ಲಾ?"

"ಈಗಲ್ಲ. ಭಾನುವಾರ, ಅಮ್ಮನ್ನ ಕರ್ಕೊಂಡು. ಇಷ್ಟು ಕಾಯ್ದಿದೀನಿ, ಶಾಸ್ತ್ರವಾಗೇ ಕೇಳಿಸ್ಕೋತೀನಿ. ಸುತ್ತಿಗೆ ಮಾತು ಎತ್ತಿದ್ರೆ ಮಾತ್ರ ನೋಡು."

ಭಾನುವಾರ ಅದೇ ಹೊತ್ತಿಗೆ ಅವರು ಬಂದರು. ಹಬ್ಬದ ತಿಂಗಳು, ಎರಡು ದಿನದಲ್ಲಿ ಹಂದಿ ಎಲ್ಲಿಯೂ ಸಿಕ್ಕಿರಲಿಲ್ಲ. ನಾತೋನ ಕೈಯಲ್ಲಿದ್ದದ್ದು ಒಂದು ಡಬ್ಬಿ ಬಿಸ್ಕತ್ತು.

ಮಾಂಗ್ ಪಸ್ಕುವಾಲ್ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕೋಣೆಗೆ ಹಂದಿ, ನನ್ ಮಗಳಿಗೆ ಬಿಸ್ಕತ್ತು. ಚೆನ್ನಾಗಿದೆಯಪ್ಪಾ."

ಬೀದಿ ಬಿದ್ದು ಬಿದ್ದು ನಕ್ಕಿತು. ಕಿಕೋಯ್ ಏನೋ ಹೇಳಲು ಹೊರಟ. ಆಲಿಂಗ್ ಸೆಪಾ ಅವನ ಬಾಯಿಗೆ ಮೂರು ಬಿಸ್ಕತ್ತು ಒಟ್ಟಿಗೆ ತುರುಕಿದಳು.

ನಾತೋ ಎದ್ದು ನಿಂತ. ಈ ಸಲ ಮಾತು ನಿಲ್ಲಲಿಲ್ಲ. "ನಾನು ಫೀನಾನ ಕೇಳೋಕೆ ಬಂದಿದೀನಿ. ಬರೀ ಅವಳನ್ನ."

"ಅವಳನ್ನೇ ಕೇಳು," ಎಂದರು ಮಾಂಗ್ ಪಸ್ಕುವಾಲ್. "ಹೋದ್ ಸಲ ನಾನ್ ಅವಸರ ಮಾಡ್ಬಿಟ್ಟೆ."

ಎಲ್ಲರೂ ಫೀನಾಳ ಕಡೆ ತಿರುಗಿದರು. ಅವಳು ನಡೆದು, ಮೆಟ್ಟಿಲ ಬದಿಯಲ್ಲಿ ಕಿಕೋಯ್ ಬಿಟ್ಟುಹೋಗಿದ್ದ ಸುತ್ತಿಗೆ ಎತ್ತಿಕೊಂಡಳು. ನಾತೋನ ಮುಖ ಬಿಳಿಚಿಕೊಂಡಿತು.

"ಎಲ್ಲಿಗೆ..?"

"ಮೇಲಕ್ಕೆ. ಗಂಡನಾಗೋನ ಹಾಡನ್ನ ಆ ಕಿಕೋಯ್ ಕೈಗೆ ಬಿಟ್ರೆ ಆಗಲ್ಲ."

ಆ ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಅವಳು ಅಟ್ಟೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಮೊಳೆ ಹೊಡೆದಳು. ನಾತೋ ಹಾಡಿದ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಅವನಿಗೆ ಉಸಿರು ಸಾಲದಾಯಿತು. ಬಗ್ಗಿ ಅವಳ ಕಿವಿಯ ಬಳಿ ಹೇಳಿದ.

"ಫೀನಾ, ತಾಳ ಓಡ್ತಿದೆ."

"ಗೊತ್ತು."

"ಸ್ವಲ್ಪ ನಿಧಾನ ಮಾಡ್ತೀಯಾ?"

"ಇವತ್ತು ನನ್ ಕೈಲಿ ಆಗಲ್ಲ," ಎಂದಳು ಅವಳು, ತಲೆಯೆತ್ತದೆ. ಕಿವಿಯವರೆಗೂ ಕೆಂಪಾಗಿದ್ದಳು. "ನೀನೇ ಜೊತೆಗೆ ಬಾ."

"ಬರ್ತೀನಿ," ಎಂದ ನಾತೋ.