ಕೂದಲೆಳೆಯಷ್ಟು ಕೆಳಗಿನ ಗಾಂಧಾರ

“ಇದು ನಮ್ಮಪ್ಪನ ಗಾಂಧಾರ ಅಲ್ಲ!”

ಹಾರ್ಮೋನಿಯಂ ಮೇಲಿಂದ ಅವಳ ಬೆರಳು ಕೆಂಡ ಮುಟ್ಟಿದಂತೆ ಹಿಂದೆ ಸರಿಯಿತು.

ರಿಪೇರಿಯವನು ಶ್ರುತಿ ಅಳೆಯುವ ಯಂತ್ರವನ್ನು ಮುಂದೆ ಹಿಡಿದ. “ನೋಡಿ ಮೇಡಂ, ಸೂಜಿ ನಟ್ಟನಡುವೆ ನಿಂತಿದೆ. ಅದೊಂದೇ ಸ್ವರ ಇಳಿದಿತ್ತು, ಸರಿ ಮಾಡಿದೆ.”

“ಸರಿ ಮಾಡಿ ಅಂತ ಯಾರು ಹೇಳಿದ್ರು? ಗಾಳಿ ಸೋರುತ್ತೆ ಅಂತ ತಾನೆ ಕೊಟ್ಟಿದ್ದು!”

ಅಂಗಡಿಯ ಬಾಗಿಲ ಬಳಿ ಇನ್ನೊಂದು ಪೆಟ್ಟಿಗೆಯ ಗಾಳಿ ಊದುವ ತಿದಿಗೆ ಬಟ್ಟೆ ಅಂಟಿಸುತ್ತಿದ್ದ ಅವನ ತಾಯಿ ತಲೆ ಎತ್ತಿದರು. “ಕೇಳದೇ ಉಪಕಾರ ಮಾಡೋದು ಇವನ ಹುಟ್ಟುಗುಣ ಕಣಮ್ಮ. ನನ್ನ ಗಡಿಯಾರಾನೂ ಹೀಗೇ ಕೊಂದ.”

ಅವಳಿಗೆ ನಗು ಬರಲಿಲ್ಲ. ಅಪ್ಪ ತೀರಿಕೊಂಡು ಐದು ತಿಂಗಳು. ಅಂದಿನಿಂದ ಅವಳು ಬೆಳಗಿನ ಪ್ರಾರ್ಥನೆಯನ್ನು ಹಾಡಿರಲಿಲ್ಲ.

“ನನ್ನ ಗಂಟಲಲ್ಲಿ ಗಾಂಧಾರ ಒಂದು ಕೂದಲೆಳೆ ಕೆಳಗೆ ಕೂರುತ್ತೆ. ‘ಅದೇ ಸಿಹಿ ಮಗಳೇ, ನೀನು ಏರಬೇಡ, ಪೆಟ್ಟಿಗೆಯೇ ನಿನ್ನ ಹತ್ತಿರ ಇಳಿದು ಬರಲಿ’ ಅಂತ ಅಪ್ಪ ತಾವೇ ಉಜ್ಜಿ ಇಳಿಸಿದ್ರು...”

ಅವನ ಮುಖ ಬಾಡಿತು. ಹಳೆಯ ಅಳತೆಯನ್ನು ಅವನು ಬರೆದಿಟ್ಟಿರಲಿಲ್ಲ. ತಪ್ಪನ್ನು ಯಾರು ಬರೆದಿಡುತ್ತಾರೆ?

“ಆ ಸ್ವರ ಈಗ ನಿಮ್ಮ ಗಂಟಲಲ್ಲಿ ಮಾತ್ರ ಇದೆ,” ಎಂದ ಮೆಲ್ಲಗೆ. “ನೀವು ಹಾಡಿದ್ರೆ ಇಳಿಸ್ತೀನಿ. ಆದ್ರೆ ಆ ಸ್ವರ ನುಡಿಯೋ ಹಿತ್ತಾಳೆ ಪಟ್ಟಿ ತೆಳ್ಳಗಾಗಿದೆ. ಒಂದು ಗೀರು ಹೆಚ್ಚಾದ್ರೂ ಮುರಿಯುತ್ತೆ.”

‘ದೇವರೇ, ಹೇಗೆ ಹಾಡಲಿ?’

ಅವನು ಯಂತ್ರವನ್ನು ಮಗುಚಿಟ್ಟು ಷಡ್ಜ ಹಿಡಿದ. ಅವಳು ಕಣ್ಣು ಮುಚ್ಚಿದಳು. ಮೊದಲು ಬಂದದ್ದು ಬಿಕ್ಕು. ಆಮೇಲೆ ಪ್ರಾರ್ಥನೆಯ ಮೊದಲ ಸಾಲು... ಗಾಂಧಾರದ ಮೇಲೆ ನಿಂತಿತು.

ಅವನು ಪೆಟ್ಟಿಗೆಯ ಗಾಂಧಾರವನ್ನೂ ಒತ್ತಿದ. ಹೊಂದದ ಎರಡು ದನಿಗಳು ಒಂದನ್ನೊಂದು ತಾಗಿ ಗಾಳಿಯೇ ಗಡಗಡ ನಡುಗಿತು.

ಪಟ್ಟಿ ಬಿಚ್ಚಿ, ಬುಡದಲ್ಲಿ ಅರದಿಂದ ಒಂದು ಗೀರು ಎಳೆದು, ಮತ್ತೆ ಕೂರಿಸಿದ. ಅವಳು ಮತ್ತೆ ಹಾಡಿದಾಗ ನಡುಕ ನಿಧಾನವಾಯಿತು. ಇನ್ನೊಂದು ಗೀರು. ಅವನ ಹಣೆಯ ಬೆವರು ಮಣೆಯ ಮೇಲೆ ತೊಟ್ಟಿಕ್ಕಿತು. ತಾಯಿಯ ತುಟಿ ಏನನ್ನೋ ಜಪಿಸುತ್ತಿತ್ತು.

ಕೊನೆಯ ಗೀರು...

ನಡುಕ ನಿಂತಿತು. ಯಾವುದು ಪೆಟ್ಟಿಗೆ, ಯಾವುದು ಕಂಠ ಎಂದು ತಿಳಿಯದಾಯಿತು.

“ಅಪ್ಪಾ!” ಎಂದು ಅವಳು ಪೆಟ್ಟಿಗೆಯ ಮೇಲೆ ತಲೆಯಿಟ್ಟಳು.

ಅರವನ್ನು ಕೆಳಗಿಟ್ಟು ಅವನು ಹೇಳಿದ: “ಹನ್ನೆರಡು ವರ್ಷದಿಂದ ಸೂಜಿ ನೋಡ್ತಾ ಬದುಕಿದ್ದೀನಿ. ಕಿವಿಯಿಟ್ಟು ಕೇಳಿದ್ದು ಇವತ್ತೇ. ಇನ್ನು ಈ ದನಿ ಕೇಳದೆ ನನಗೆ ಬೆಳಗಾಗಲ್ಲ... ನಿಮಗೆ ಒಪ್ಪಿಗೆ ಇದ್ರೆ, ದಿನಾ ಬಂದು ಕೇಳ್ತೀನಿ.”

“ಅಂತೂ ಕೇಳಿ ಮಾಡೋದು ಕಲಿತ!” ಎಂದು ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವಳು ಪೆಟ್ಟಿಗೆ ಮುಚ್ಚಿದಳು. “ಆರು ಗಂಟೆಗೆ ಪ್ರಾರ್ಥನೆ. ತಡ ಆದ್ರೆ ಕಾಯಲ್ಲ.”

“ಸ್ವಲ್ಪಾನೂ ಕಾಯಲ್ವಾ?”

ಅವಳು ತಲೆ ತಗ್ಗಿಸಿದಳು.

“...ಕಾಯ್ತೀನಿ.”